ಹಾಡದವರ ಸಭೆ

ಬೆಂಗಳೂರಿನ ಸಂಗೀತ ಕಛೇರಿಗಳಲ್ಲಿ ಜನ ಎರಡು ಸಲ ಎದ್ದು ಹೋಗುತ್ತಾರೆ. ತನಿ ಆವರ್ತನ ಶುರುವಾದಾಗ ಒಂದಷ್ಟು ಮಂದಿ ಕಾಫಿಗೆ ಹೊರಡುತ್ತಾರೆ. ಕಾರ್ಯದರ್ಶಿಗಳು ವಂದನಾರ್ಪಣೆಗೆ ಮೈಕಿನ ಮುಂದೆ ಬಂದು ನಿಂತರೆ ಉಳಿದವರು ಚಪ್ಪಲಿ ಹುಡುಕಲು ಹೊರಡುತ್ತಾರೆ. ಮೃದಂಗದವರ ಪರವಾಗಿ ಆಗಾಗ ಯಾರಾದರೂ ಪತ್ರಿಕೆಗೆ ಬರೆಯುತ್ತಾರೆ. ವಂದನಾರ್ಪಣೆಯವರ ಪರವಾಗಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ, ಸಮಿತಿಯ ಸರ್ವ ಸದಸ್ಯರು. ಇವರು ಹಾಡುವವರಲ್ಲ, ನುಡಿಸುವವರೂ ಅಲ್ಲ. ಇವರಲ್ಲಿ ಕೆಲವರಿಗೆ ಮೋಹನ ಯಾವುದು, ಭೂಪಾಳ ಯಾವುದು ಎನ್ನುವುದೂ ಗೊತ್ತಿರುವುದಿಲ್ಲ. ಆದರೂ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡಲು ಒಂದು ಕೋಣೆ ಬೇಕೆಂದರೆ ಅದರ ಬಾಡಿಗೆಯ ಚೆಕ್ಕಿಗೆ ಸಹಿ ಹಾಕುವವರು ಇವರೇ.

ಆರು ವರ್ಷಗಳಿಂದ ನಾನೂ ಅಂಥದ್ದೊಂದು ಪಟ್ಟಿಯಲ್ಲಿದ್ದೇನೆ. ಯಲಹಂಕ ಉಪನಗರದಲ್ಲಿ ಸಂಗೀತ ಕಲಿಸುವ ಒಂದು ಪುಟ್ಟ ಸಂಘದ ಖಜಾಂಚಿ ನಾನು. ಸಂಘದ ಹೆಸರು ಇಲ್ಲಿ ಬೇಡ. ಅಂಥ ಸಂಘಗಳು ಈ ಊರಿನಲ್ಲಿ ಎಷ್ಟೋ ಬಡಾವಣೆಗಳಲ್ಲಿವೆ, ಎಲ್ಲವುಗಳ ಕಥೆಯೂ ಹೆಚ್ಚುಕಡಿಮೆ ಒಂದೇ. ಒಂದು ಶಾಲೆಯ ಎರಡು ಕೋಣೆಗಳನ್ನು ಶನಿವಾರ, ಭಾನುವಾರಕ್ಕೆ ಬಾಡಿಗೆ ಹಿಡಿದಿದ್ದೇವೆ. ಒಂದರಲ್ಲಿ ಗಾಯನ, ಇನ್ನೊಂದರಲ್ಲಿ ಮೃದಂಗ. ರೈಲ್ವೆಯ ಗಾಲಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವ ಅಮ್ಮಂದಿರ ಮಕ್ಕಳು, ಏರ್‌ಪೋರ್ಟ್ ರಸ್ತೆಯ ಹೊಸ ಅಪಾರ್ಟ್‌ಮೆಂಟುಗಳ ಮಕ್ಕಳು ಒಂದೇ ಜಮಖಾನದ ಮೇಲೆ ಕೂರುತ್ತಾರೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ವಾಯುನೆಲೆಯ ವಿಮಾನ ಪ್ರದರ್ಶನದ ಸಮಯ ಬಂತೆಂದರೆ ಯುದ್ಧವಿಮಾನಗಳು ಹೆಂಚಿನ ಮೇಲೆಯೇ ಹಾರಿಹೋದಂತಾಗುತ್ತದೆ. ಆಗ ನಮ್ಮ ಟೀಚರು ತೊಡೆಯ ಮೇಲಿನ ತಾಳವನ್ನು ನಿಲ್ಲಿಸುವುದಿಲ್ಲ, ಬಾಯಿ ಮಾತ್ರ ಮುಚ್ಚುತ್ತಾರೆ. ಸದ್ದು ಅಡಗಿದ ಮೇಲೆ ಮಕ್ಕಳು ತಾಳ ತಪ್ಪದೆ ಮುಂದಿನ ಅಕ್ಷರಕ್ಕೆ ಬಂದು ಸೇರುತ್ತಾರೆ.

ನಮ್ಮಂಥ ಸಂಘಗಳು ಹುಟ್ಟುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಅದರ ಪ್ರಕಾರ ಒಂದು ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ನಮ್ಮ ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು. ಪ್ರತಿ ವಾರ್ಷಿಕ ಸಭೆಯಲ್ಲೂ "ಸ್ವರ ಏಳು, ಸಮಿತಿಯೂ ಏಳು" ಎಂದು ಹೇಳಿ ತಾವೇ ನಗುತ್ತಾರೆ. ಏಳರಲ್ಲಿ ಇಬ್ಬರು ಸಭೆಗೆ ಬರುವುದೇ ಇಲ್ಲ. ಹಾಗಾಗಿ ನಮ್ಮ ಸಮಿತಿ ಬಹುಮಟ್ಟಿಗೆ ಔಡವ ರಾಗ, ವರ್ಜ್ಯ ಸ್ವರಗಳು ಕಾಗದದ ಮೇಲೆ ಮಾತ್ರ ಇರುತ್ತವೆ. ಸರ್ವ ಸದಸ್ಯರ ಸಭೆಗೆ ಕೋರಂ ಸೇರದಿದ್ದರೆ ಅರ್ಧ ಗಂಟೆ ಮುಂದೂಡಿ ಅದೇ ಜಾಗದಲ್ಲಿ ನಡೆಸಬಹುದು ಎಂದು ನಮ್ಮ ಬೈಲಾದಲ್ಲಿ ಬರೆದಿದೆ. ಆ ಅರ್ಧ ಗಂಟೆಯಲ್ಲಿ ಕಾಫಿ ಆಗುತ್ತದೆ. ಆಮೇಲೆ ಕಳೆದ ಸಭೆಯ ನಡಾವಳಿ ಓದಿ, ಲೆಕ್ಕಪತ್ರ ಒಪ್ಪಿಸಿ, ಸೂಚಕರು ಇಂಥವರು, ಅನುಮೋದಕರು ಇಂಥವರು ಎಂದು ಬರೆದು, ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಿ ಕಚೇರಿಗೆ ಸಲ್ಲಿಸುತ್ತೇವೆ. ಇದಿಷ್ಟನ್ನು ಕೆಲವು ವರ್ಷ ಮಾಡದೆ ಬಿಟ್ಟರೆ ಸಂಘ ಕಾನೂನಿನ ಕಣ್ಣಿನಲ್ಲಿ ಬತ್ತಿಹೋಗುತ್ತದೆ, ಒಳಗೆ ಮಕ್ಕಳು ಎಷ್ಟೇ ಚೆನ್ನಾಗಿ ಹಾಡುತ್ತಿರಲಿ.

ಈ ಲೋಕದಲ್ಲಿ 'ಗೌರವ' ಎನ್ನುವ ಪದ ಎರಡು ಕಡೆ ಬರುತ್ತದೆ. ಗೌರವ ಕಾರ್ಯದರ್ಶಿ ಎಂದರೆ ದುಡ್ಡು ತೆಗೆದುಕೊಳ್ಳದೆ ಕೆಲಸ ಮಾಡುವವರು. ಗೌರವಧನ ಎಂದರೆ ಕೆಲಸಕ್ಕೆ ತಕ್ಕಷ್ಟು ದುಡ್ಡು ಕೊಡಲಾಗದೆ ಕೊಡುವ ಮೊತ್ತ. ಮೊದಲನೆಯದು ಸಮಿತಿಯವರಿಗೆ, ಎರಡನೆಯದು ಕಲಿಸುವವರಿಗೆ. ಸಮಿತಿಯವರಿಗೆ ಮನೆ ನಡೆಸಲು ಪಿಂಚಣಿಯೋ ಬೇರೆ ಸಂಬಳವೋ ಇರುತ್ತದೆ. ಕಲಿಸುವವರಿಗೆ ಅನೇಕ ಸಲ ಅದೇ ಸಂಬಳ. ಹೆಸರು ಮಾತ್ರ ಬೇರೆ.

ಲೆಕ್ಕ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಎರಡು ವರ್ಷದ ಹಿಂದೆ ನಮ್ಮಲ್ಲಿ 62 ಮಕ್ಕಳಿದ್ದರು. 14 ಮಕ್ಕಳಿಗೆ ಫೀಸು ಇರಲಿಲ್ಲ. ಉಳಿದ 48 ಮಕ್ಕಳಿಂದ ತಿಂಗಳಿಗೆ ತಲಾ 500 ರೂಪಾಯಿ, ಒಟ್ಟು 24,000. ಕೋಣೆಗಳ ಬಾಡಿಗೆ 8,000, ಗಾಯನದ ಟೀಚರಿಗೆ 10,000, ಮೃದಂಗದ ಮೇಷ್ಟ್ರಿಗೆ 5,000. ಉಳಿಯುತ್ತಿದ್ದದ್ದು ಒಂದು ಸಾವಿರ. ಅದರಲ್ಲೇ ಶ್ರುತಿಪೆಟ್ಟಿಗೆಯ ರಿಪೇರಿ, ಜೆರಾಕ್ಸು, ಆಡಿಟರ ಫೀಸು. ಇನ್ನು ವಾರ್ಷಿಕೋತ್ಸವದ ಲೆಕ್ಕವೇ ಬೇರೆ. ಹೊರಗಿನಿಂದ ದೊಡ್ಡ ವಿದ್ವಾಂಸರೊಬ್ಬರನ್ನು ಕರೆಸಿ ಕಛೇರಿ ಮಾಡಿಸುತ್ತಿದ್ದೆವು. ಅದಕ್ಕೆಂದೇ ದಾನಿಗಳಿಂದ 1,40,000 ಬರುತ್ತಿತ್ತು, ಹೆಚ್ಚುಕಡಿಮೆ ಅಷ್ಟೂ ಆ ಒಂದು ಸಂಜೆಗೆ ಖರ್ಚಾಗುತ್ತಿತ್ತು. ನಮ್ಮ ಟೀಚರಿಗೆ ಇಡೀ ವರ್ಷಕ್ಕೆ ಸಲ್ಲುತ್ತಿದ್ದದ್ದು ಒಂದು ಲಕ್ಷ.

ಸಂಗೀತಕ್ಕೂ ಸಮಿತಿಗೂ ಹೀಗೆ ಗಂಟು ಬಿದ್ದದ್ದು ಬಹಳ ಹಳೆಯ ಸಂಗತಿಯೇನಲ್ಲ. ವೀಣೆ ಶೇಷಣ್ಣನವರ, ಮೈಸೂರು ವಾಸುದೇವಾಚಾರ್ಯರ ಕಾಲದಲ್ಲಿ ಅರಮನೆ ಇತ್ತು. ಆಸ್ಥಾನ ವಿದ್ವಾಂಸರೆಂದರೆ ಅರಮನೆಯ ಆಶ್ರಯದಲ್ಲಿದ್ದವರು. ಒಬ್ಬ ಮಹಾರಾಜರಿಗೆ ಸಂಗೀತ ಬೇಕೆನಿಸಿದರೆ ಸಾಕಿತ್ತು, ಕೋರಂ ಬೇಕಿರಲಿಲ್ಲ. ಆದರೆ ಅರಮನೆ ಇದ್ದಾಗಲೇ, 1905ರಲ್ಲಿ, ಬೆಂಗಳೂರಿನ ನಾಗರಿಕರು ಗಾಯನ ಸಮಾಜ ಕಟ್ಟಿಕೊಂಡರು. ದೊರೆಯ ಬದಲು ಸದಸ್ಯರು ಸೇರಿ ಸಂಗೀತವನ್ನು ಸಾಕುವ ಕ್ರಮ ಈ ಊರಿನಲ್ಲಿ ಬೇರು ಬಿಟ್ಟಿತು. ಸ್ವಾತಂತ್ರ್ಯ ಬಂದು ಅರಮನೆಯ ಕಾಲ ಮುಗಿದಾಗ ಆ ಭಾರವನ್ನು ಹೊರಲು ಇಂಥ ಸಮಾಜ, ಸಭಾ, ಮಂಡಳಿಗಳು ಇದ್ದವು. ಮಲ್ಲೇಶ್ವರದ ಮಗ್ಗುಲಲ್ಲಿ ಪಿಟೀಲಿನ ಆಕಾರದಲ್ಲಿ ನಿಂತಿರುವ ಚೌಡಯ್ಯ ಸ್ಮಾರಕ ಭವನ ಎಲ್ಲರಿಗೂ ಗೊತ್ತು. ಪಿಟೀಲು ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ, ಭವನ ಎದ್ದದ್ದು 1980ರಲ್ಲಿ. ಅದರ ಹಿಂದೆ ಓಡಾಡಿದ ಕೆ.ಕೆ. ಮೂರ್ತಿಯವರ ಹೆಸರು ಅಲ್ಲಿಗೆ ಕಛೇರಿ ಕೇಳಲು ಹೋಗುವ ಎಷ್ಟು ಜನರಿಗೆ ನೆನಪಿದೆ? ಕಟ್ಟಡ ನೋಡಿದವರಿಗೆ ಪಿಟೀಲು ಕಾಣುತ್ತದೆ, ಕಟ್ಟಿಸಿದವರು ಕಾಣುವುದಿಲ್ಲ. ಅದು ತಪ್ಪೇನೂ ಅಲ್ಲ. ಆದರೆ ಕಾಣದವರ ಕೆಲಸ ಯಾವುದು ಎಂದು ಕೇಳಿಕೊಳ್ಳದಿದ್ದರೆ ಆ ಕೆಲಸ ಕೆಟ್ಟಾಗಲೂ ನಮಗೆ ತಿಳಿಯುವುದಿಲ್ಲ.

ಯಲಹಂಕದಿಂದ ಊರೊಳಗೆ ಹೋಗುವಾಗ ಹೆಬ್ಬಾಳದ ಫ್ಲೈಓವರ್ ಇಳಿದು ಆರ್.ಟಿ. ನಗರದ ಕಡೆ ತಿರುಗಿದರೆ ಗಂಗಾನಗರದ ಸಿಬಿಐ ರಸ್ತೆ ಸಿಗುತ್ತದೆ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇರುವುದು ಅಲ್ಲಿ. 1987ರಲ್ಲಿ ಅರುಣಾ ಸುಂದರ್‌ಲಾಲ್ ಶುರು ಮಾಡಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅಲ್ಲಿ ಮುಖ್ಯವಾಗಿ ಕಲಿಸುವುದು ಪಾಶ್ಚಾತ್ಯ ಸಂಗೀತ, ಪಿಯಾನೊ, ವಯಲಿನ್ ಮುಂತಾಗಿ. ನಮ್ಮ ಸಂಘದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದರೆ ಇರುವೆಯ ಪಕ್ಕ ಆನೆ. ಆದರೆ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಒಂದು ಪ್ರಶ್ನೆ ತಲೆಗೆ ಬರುತ್ತದೆ. ಇಂಥ ಸಂಸ್ಥೆಗಳಲ್ಲಿ ಪಿಯಾನೊ ಯಾರದು? ತಂಬೂರಿಯನ್ನಾದರೆ ಗುರುಗಳು ಮನೆಯಿಂದ ತರುತ್ತಾರೆ, ಮನೆಗೆ ಒಯ್ಯುತ್ತಾರೆ. ಪಿಯಾನೊವನ್ನು ಹಾಗೆ ಹೊರಲಾಗುವುದಿಲ್ಲ. ಅದಕ್ಕೊಂದು ಕೋಣೆ ಬೇಕು, ಆಗಾಗ ಶ್ರುತಿ ಮಾಡುವವರು ಬೇಕು, ದುಡ್ಡು ಕೊಡುವವರು ಬೇಕು. ಶುರು ಮಾಡಿದವರ ಸ್ವತ್ತೂ ಅಲ್ಲ, ಕಲಿಸುವವರದ್ದೂ ಅಲ್ಲ, ಫೀಸು ಕಟ್ಟಿದವರದ್ದೂ ಅಲ್ಲ. ನೋಂದಾಯಿತ ಸಂಘ ಮುಚ್ಚಿಹೋದರೂ ಅದರ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಬಗೆಯ ಉದ್ದೇಶವಿರುವ ಇನ್ನೊಂದು ಸಂಘಕ್ಕೆ ಹೋಗಬೇಕು. ಯಾರದೂ ಅಲ್ಲದ ವಸ್ತುವನ್ನು ತಮ್ಮದೇ ಎಂಬಂತೆ ನೋಡಿಕೊಳ್ಳುವುದು, ತಮ್ಮದು ಎಂದುಕೊಳ್ಳದೆ ಬಿಟ್ಟು ಎದ್ದು ಹೋಗುವುದು. ಆಡಳಿತ ಮಂಡಳಿಯ ಕೆಲಸವೆಂದರೆ ಇವೆರಡೇ. ಎರಡನ್ನೂ ಮಾಡುವವರು ಕಡಿಮೆ.

ಸಂಸ್ಥೆ ಒಬ್ಬರ ಹೆಗಲ ಮೇಲೇ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ವಿಷ್ಣು ದಿಗಂಬರ ಪಲುಸ್ಕರರ ಕಥೆ ಇದೆ. ನಮ್ಮ ಬೆಳಗಾವಿ ಸೀಮೆಗೆ ಹತ್ತಿರದ ಕುರುಂದವಾಡದಲ್ಲಿ ಹುಟ್ಟಿದವರು, ಮೀರಜದಲ್ಲಿ ಕಲಿತವರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಯಾವ ರಾಜನ ಹಂಗೂ ಇಲ್ಲದೆ, ಕಛೇರಿಗಳ ದುಡ್ಡು ಮತ್ತು ಜನರ ದೇಣಿಗೆಯಿಂದ ನಡೆದ ಶಾಲೆ. 1908ರಲ್ಲಿ ಮುಂಬಯಿಗೆ ಬಂದರು. ಅಲ್ಲಿ ಕಟ್ಟಡಕ್ಕೆ ಮಾಡಿದ ಸಾಲ ಬೆಳೆಯಿತು, ಕೊನೆಗೆ ಸಾಲಗಾರರ ಪಾಲಾಗಿ ಕಟ್ಟಡ ಹರಾಜಾಯಿತು. ಅವರಂಥ ಗಾಯಕರು, ಅವರಂಥ ಶಿಸ್ತಿನವರು ಅಪರೂಪ. ಆದರೂ ಒಬ್ಬ ಮನುಷ್ಯನ ಗಂಟಲು ಎಷ್ಟು ಬಡ್ಡಿಯನ್ನು ತೀರಿಸೀತು? 1931ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಶಿಷ್ಯರೆಲ್ಲ ಸೇರಿ ಗಾಂಧರ್ವ ಮಹಾವಿದ್ಯಾಲಯ ಮಂಡಲ ಎಂಬುದನ್ನು ಕಟ್ಟಿದರು. ಗುರುಗಳು ಕಟ್ಟಿದ್ದ ಕಟ್ಟಡ ಹೋಗಿತ್ತು, ಪಾಠಕ್ರಮ ಉಳಿದಿತ್ತು. ಇವತ್ತು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಒಂದು ಹುಡುಗಿ 'ವಿಶಾರದ' ಪರೀಕ್ಷೆಗೆ ಕೂರುತ್ತಾಳೆಂದರೆ ಅದು ಆ ಮಂಡಲದ ಪರೀಕ್ಷೆ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸುವುದು, ಪರೀಕ್ಷಕರಿಗೆ ರೈಲಿನ ಖರ್ಚು ಕೊಡುವುದು, ಅಂಕಪಟ್ಟಿ ಬರೆಯುವುದು. ಇಂಥ ಸಪ್ಪೆ ಕೆಲಸಗಳನ್ನು ಹಲವರು ಹಂಚಿಕೊಂಡದ್ದರಿಂದ ಒಬ್ಬರ ಕನಸು ಅವರ ಕಾಲ ಮುಗಿದ ಮೇಲೂ ನಡೆದುಬಂತು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ್ದು ಇನ್ನೊಂದು ದಾರಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಅನ್ನಕ್ಕೆ ದುಡ್ಡು ಬೇಕಲ್ಲ? ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಟಿಕೀಟಿನ ದುಡ್ಡು ಆಶ್ರಮದ ಒಲೆ ಉರಿಸಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ, 66 ವರ್ಷ, ಅದನ್ನು ನಡೆಸಿದರು. ಅಲ್ಲಿ ಆಡಳಿತ ಎನ್ನುವುದು ಗುರುಪರಂಪರೆಯೊಳಗೇ ಸೇರಿತ್ತು. ಗುರು ಹೋದರೆ ಪೀಠಕ್ಕೆ ಶಿಷ್ಯ, ಭಕ್ತರು ಎಂದಿನಂತೆ ಅಕ್ಕಿ ತಂದು ಕೊಡುತ್ತಾರೆ. ಯಲಹಂಕದ ಬಾಡಿಗೆ ಕೋಣೆಯ ಸಂಘಕ್ಕೆ ಪೀಠವಿಲ್ಲ, ಭಕ್ತರೂ ಇಲ್ಲ. ನಮಗಿರುವುದು ಒಂದು ನಡಾವಳಿ ಪುಸ್ತಕ. ಅದರಲ್ಲಿ ಏನು ಬರೆಯುತ್ತೇವೆ ಎನ್ನುವುದರ ಮೇಲೆಯೇ ನಮ್ಮ ಪರಂಪರೆ.

ಎರಡು ವರ್ಷದ ಹಿಂದೆ ನಮ್ಮ ಗಾಯನದ ಟೀಚರು ಬಿಡುತ್ತೇನೆ ಎಂದರು. ಹನ್ನೊಂದು ವರ್ಷ ಕಲಿಸಿದವರು. ಅವರ ಕೈಯಲ್ಲಿ ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ ಮಕ್ಕಳು ಒಂದು ಬಸ್ಸಿಗೆ ಆಗುವಷ್ಟಿದ್ದಾರೆ. ಅಮೆರಿಕದಲ್ಲಿರುವ ಕನ್ನಡದ, ತಮಿಳಿನ ಮನೆಗಳ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುವ ಅವಕಾಶ ಅವರಿಗೆ ಬಂದಿತ್ತು. ನಾಲ್ಕು ಮಕ್ಕಳಿಗೆ ಬೆಳಿಗ್ಗೆ ಎದ್ದು ಪಾಠ ಹೇಳಿದರೆ ನಾವು 62 ಮಕ್ಕಳಿಗೆ ಕೊಡುವಷ್ಟು ಸಿಗುತ್ತಿತ್ತು. ಸಮಿತಿ ಅವರನ್ನು ಮಾತಿಗೆ ಕರೆಯಿತು. ಅಧ್ಯಕ್ಷರು ಒಳ್ಳೆಯವರು, ಮೆತ್ತಗೆ ಮಾತಾಡುವವರು.

"ಅಮ್ಮಾ, ನೀವು ಇದನ್ನ ಸೇವೆ ಅಂತ ಮಾಡ್ಕೊಂಡು ಬಂದೋರು. ನಿಮಗೆ ದುಡ್ಡು ಯಾವತ್ತೂ ಮುಖ್ಯ ಆಗಿರ್ಲಿಲ್ಲ," ಎಂದರು.

ಟೀಚರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ದುಡ್ಡು ನನಗೆ ಮುಖ್ಯ ಅಲ್ಲ ಅಂತ ನೀವೆಲ್ಲ ಹೇಳ್ತಿರ್ತೀರಿ ಸರ್," ಎಂದರು. "ನಾನು ಯಾವತ್ತೂ ಹಾಗೆ ಹೇಳಿಲ್ಲ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಪಕ್ಕದ ಕೋಣೆಯಲ್ಲಿ ಮೃದಂಗದ ಹುಡುಗರು ತ-ಧಿ-ತೊಂ-ನಂ ಹೇಳುತ್ತಿದ್ದರು.

ಟೀಚರು ಹೊರಟ ಮೇಲೆ ಎರಡು ಗಂಟೆ ವಾದ ನಡೆಯಿತು. ಫೀಸು ಏರಿಸೋಣ ಎಂದರು ಒಬ್ಬರು. ಏರಿಸಿದರೆ ಗಾರ್ಮೆಂಟ್ಸಿನವರ ಮಕ್ಕಳು ಬಿಡುತ್ತಾರೆ, ಆಮೇಲೆ ನಮಗೂ ಟ್ಯೂಷನ್ ಸೆಂಟರಿಗೂ ಏನು ವ್ಯತ್ಯಾಸ ಎಂದರು ಇನ್ನೊಬ್ಬರು. ಬೇರೆ ಟೀಚರು ಸಿಗುತ್ತಾರೆ ಬಿಡಿ, ಈಗಷ್ಟೇ ವಿದ್ವತ್ ಮುಗಿಸಿದ ಹುಡುಗಿಯರು ಎಂಟು ಸಾವಿರಕ್ಕೂ ಬರುತ್ತಾರೆ ಎನ್ನುವ ಮಾತೂ ಬಂತು. ನಾನು ಲೆಕ್ಕದ ಪುಸ್ತಕ ತೆಗೆದು ಒಂದು ಸಂಜೆಯ 1,40,000ವನ್ನೂ ವರ್ಷದ ಒಂದು ಲಕ್ಷವನ್ನೂ ಅಕ್ಕಪಕ್ಕ ಓದಿದೆ. ದೊಡ್ಡವರ ಕಛೇರಿಯನ್ನು ನಿಲ್ಲಿಸಿ, ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳೇ ಹಾಡಲಿ, ಉಳಿದ ದುಡ್ಡು ಕಲಿಸುವವರಿಗೆ ಹೋಗಲಿ ಎಂದೆ.

"ದಾನಿಗಳು ಕೊಡೋದೇ ಆ ಕಛೇರಿಗೆ ಕಣ್ರೀ," ಎಂದರು ಅಧ್ಯಕ್ಷರು. "ಫ್ಲೆಕ್ಸಿನಲ್ಲಿ ಅವರ ಹೆಸರು ಬರುತ್ತೆ, ದೊಡ್ಡ ವಿದ್ವಾಂಸರ ಪಕ್ಕ ಫೋಟೋ ಬರುತ್ತೆ. ಟೀಚರ ಸಂಬಳಕ್ಕೆ ಯಾರು ದಾನ ಕೊಡ್ತಾರೆ?"

ಅವರ ಮಾತಿನಲ್ಲಿ ಹುರುಳಿತ್ತು. ಸಂಬಳ ಫೋಟೋದಲ್ಲಿ ಬೀಳುವುದಿಲ್ಲ. ಆದರೆ ಹನ್ನೊಂದು ವರ್ಷ ಈ ಸಂಘಕ್ಕೆ ಅತಿ ಹೆಚ್ಚು ಕೊಟ್ಟವರು ಯಾರೆಂದು ನಿಜವಾಗಿ ಲೆಕ್ಕ ಹಾಕಿದರೆ ಫ್ಲೆಕ್ಸಿನ ಮೇಲೆ ಯಾರ ಹೆಸರು ಬರಬೇಕು? ಟೀಚರಿಗೆ ಹೊರಗೆ ಸಿಗಬಹುದಾಗಿದ್ದ ದುಡ್ಡಿಗೂ ನಾವು ಕೊಟ್ಟ ದುಡ್ಡಿಗೂ ಇರುವ ಅಂತರವೇ ನಮ್ಮ ಸಂಘದ ಅತಿ ದೊಡ್ಡ ದೇಣಿಗೆ. ಅದಕ್ಕೆ ರಸೀದಿ ಇಲ್ಲ, ತೆರಿಗೆ ವಿನಾಯಿತಿ ಇಲ್ಲ, ಶಾಲು ಹಾರವೂ ಇಲ್ಲ. ಅಷ್ಟೇ ಅಲ್ಲ, ಆ ದೇಣಿಗೆಯನ್ನು ಅವರು ಕೊಟ್ಟದ್ದಲ್ಲ, ನಾವು ತೆಗೆದುಕೊಂಡದ್ದು. ಕೇಳದೆ ತೆಗೆದುಕೊಂಡದ್ದಕ್ಕೆ ಸೇವೆ ಎಂದು ಹೆಸರಿಡುವ ಅಧಿಕಾರ ಸಮಿತಿಗೆ ಎಲ್ಲಿಂದ ಬಂತು? ಲಾಭವಿಲ್ಲದ ಸಂಸ್ಥೆ ಎನ್ನುತ್ತೇವೆ. ಲಾಭ ಇಲ್ಲದಿರಬಹುದು, ನಷ್ಟ ಇದ್ದೇ ಇರುತ್ತದೆ. ಆ ನಷ್ಟವನ್ನು ಯಾರ ಮನೆಗೆ ಕಳುಹಿಸುವುದು ಎಂದು ತೀರ್ಮಾನಿಸುವವರೇ ಆಡಳಿತ ಮಂಡಳಿ.

ಗೊತ್ತುವಳಿ ನಾಲ್ಕಕ್ಕೆ ಒಂದು ಮತದಿಂದ ಪಾಸಾಯಿತು. ಸೂಚಕನಾಗಿ ನನ್ನ ಹೆಸರು ನಡಾವಳಿಯಲ್ಲಿದೆ. ಪೂರ್ತಿ ಫೀಸು ಕಟ್ಟುವವರಿಗೆ 600 ರೂಪಾಯಿ, ಆ 14 ಮಕ್ಕಳಿಗೆ ಎಂದಿನಂತೆ ಉಚಿತ. ಗಾಯನದ ಟೀಚರಿಗೆ 15,000, ಮೃದಂಗದ ಮೇಷ್ಟ್ರಿಗೆ 7,000. ವಾರ್ಷಿಕೋತ್ಸವ ಮಕ್ಕಳದ್ದೇ. ವಿರುದ್ಧ ಮತ ಹಾಕಿದವರು ಮುಂದಿನ ತಿಂಗಳು ರಾಜೀನಾಮೆ ಕೊಟ್ಟರು. ಇಬ್ಬರು ದಾನಿಗಳು ಫೋನು ಎತ್ತುವುದನ್ನು ನಿಲ್ಲಿಸಿದರು. ಆ ವರ್ಷ ಬಂದ ದೇಣಿಗೆ 70,000, ಹಿಂದಿನದರ ಅರ್ಧ. ವಾರ್ಷಿಕೋತ್ಸವಕ್ಕೆ 30,000 ಖರ್ಚಾಯಿತು. ಟೀಚರು ಅಮೆರಿಕದ ಮಕ್ಕಳಲ್ಲಿ ಇಬ್ಬರನ್ನು ಒಪ್ಪಿಕೊಂಡರು, ನಮ್ಮಲ್ಲೂ ಉಳಿದರು. ಸಂತೋಷದಿಂದಲೋ ದಾಕ್ಷಿಣ್ಯದಿಂದಲೋ ನಾನು ಕೇಳಲಿಲ್ಲ.

ರಾಜೀನಾಮೆಯಿಂದ ಖಾಲಿಯಾದ ಜಾಗಕ್ಕೆ ಯಾರು ಎನ್ನುವುದು ಮುಂದಿನ ತಲೆನೋವಾಯಿತು. ನಾವೆಲ್ಲ ಐವತ್ತು ದಾಟಿದವರು, ಇಬ್ಬರಿಗೆ ಎಪ್ಪತ್ತಾಗಿದೆ. ನಿವೃತ್ತರಾದವರನ್ನು ಹುಡುಕಿ ತರುವುದು ಸಮಿತಿಗಳ ಹಳೆಯ ಅಭ್ಯಾಸ, ಅವರಿಗೆ ಸಮಯವಿರುತ್ತದೆ. ಈ ಸಲ ನಮ್ಮಲ್ಲೇ ಕಲಿತ ಹುಡುಗಿಯೊಬ್ಬಳನ್ನು ಕೇಳಿದೆವು. ಏಳು ವರ್ಷ ಫೀಸಿಲ್ಲದೆ ಕಲಿತವಳು, ಈಗ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಸಮಿತಿಯಲ್ಲಿ ಹಾಡಲು ಬರುವ ಮೊದಲ ಸದಸ್ಯೆ ಅವಳು. ಮೊದಲ ಸಭೆಯಲ್ಲಿ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ನಾನು ಲೆಕ್ಕಪತ್ರ ಓದಿ ಮುಗಿಸಿದಾಗ ಮೊಬೈಲಿನಲ್ಲಿ ಏನೋ ಗುಣಿಸಿ ತಲೆ ಎತ್ತಿದಳು.

"ಅಂಕಲ್, ಟೀಚರಿಗೆ ತಿಂಗಳಿಗೆ ಹದಿನೈದು ಸಾವಿರ ಅಂದ್ರೆ ವರ್ಷಕ್ಕೆ ಒಂದು ಎಂಬತ್ತು ಆಗ್ಬೇಕಲ್ವಾ? ಇಲ್ಲಿ ಒಂದೂವರೆ ಲಕ್ಷ ಅಂತಿದೆ."

"ಏಪ್ರಿಲ್, ಮೇ ತರಗತಿ ಇರಲ್ಲಮ್ಮ," ಎಂದರು ಅಧ್ಯಕ್ಷರು. "ಮಕ್ಕಳಿಗೆ ರಜ. ಫೀಸೂ ತಗೊಳಲ್ಲ, ಬಾಡಿಗೆನೂ ಕೊಡಲ್ಲ. ಸಂಘ ಶುರುವಾದಾಗಿಂದ ಹೀಗೇ."

"ಟೀಚರ ಮನೇಲಿ ಏಪ್ರಿಲ್, ಮೇ ಬರಲ್ವಾ ಸರ್?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಾರ್ಯದರ್ಶಿಗಳ ಕಡೆ ತಿರುಗಿ, ಬರೆದುಕೊಳ್ಳಿ, ಮುಂದಿನ ಸಭೆಗೆ ಇದೇ ಮೊದಲನೇ ವಿಷಯ ಎಂದರು. ನಾನು ಅಲ್ಲೇ ಲೆಕ್ಕ ಹಾಕಿದೆ. ಇಬ್ಬರಿಗೂ ಎರಡು ತಿಂಗಳ ಗೌರವಧನಕ್ಕೆ 44,000 ಬೇಕು. ವರ್ಷದ ಕೊರತೆಗಳನ್ನೆಲ್ಲ ತುಂಬಿದ ಮೇಲೆ ದೇಣಿಗೆಯ ದುಡ್ಡಿನಲ್ಲಿ ಉಳಿದಿರುವುದು 28,000. ಇನ್ನೂ ಹದಿನಾರು ಸಾವಿರ ಹುಡುಕಬೇಕು.